ಎಡ ಅಂಗೈಯ ಗುಳಿಗೆ

ಹುಣಸೀಕೊಪ್ಪದ ಮಠಕ್ಕೆ ಮೊದಲ ಸಲ ಹೋದವರು ಊಟದ ಪಂಕ್ತಿಯಲ್ಲಿ ಒಂದು ಸೋಜಿಗವನ್ನು ಕಾಣುತ್ತಾರೆ. ರೊಟ್ಟಿ, ಬದನೆಕಾಯಿ ಪಲ್ಯ, ಗೋಧಿ ಹುಗ್ಗಿ ಎಲ್ಲವೂ ಎಲೆಗೆ ಬಿದ್ದಿರುತ್ತದೆ, ಆದರೆ ಯಾರೂ ತುತ್ತು ಎತ್ತುವುದಿಲ್ಲ. ಪಂಕ್ತಿಯ ತುದಿಯಲ್ಲಿ ನಿಂತ ಹಿರಿಯರೊಬ್ಬರು ಗುಳಿಗೆ ಇದ್ದವರು ತೆಗೆದುಕೊಳ್ಳಿರೆಂದು ಕೂಗುತ್ತಾರೆ. ಆಗ ಅಲ್ಲೊಬ್ಬರು ಇಲ್ಲೊಬ್ಬರು ಎಡ ಅಂಗೈ ಚಾಚಿ, ಅದರ ಮೇಲೆ ತಮ್ಮ ಗುಳಿಗೆಯನ್ನಿಟ್ಟು, ಕಣ್ಣಿಗೊತ್ತಿಕೊಂಡು ನುಂಗುತ್ತಾರೆ. ಸಕ್ಕರೆ ಕಾಯಿಲೆಯವರು, ಬಿ.ಪಿ.ಯವರು, ಕ್ಷಯದವರು, ಮೂರ್ಛೆಯವರು ಎಲ್ಲರೂ ಅವರಲ್ಲಿರುತ್ತಾರೆ. ಅವರದಾದ ಮೇಲೆ ಎಲ್ಲರ ಊಟ. ಇದು ಯಾವ ಶಾಸ್ತ್ರದಲ್ಲಿದೆ ಎಂದು ಹೊಸಬರು ಪಕ್ಕದವರನ್ನು ಕೇಳುತ್ತಾರೆ. ಯಾವ ಶಾಸ್ತ್ರದಲ್ಲಿಯೂ ಇಲ್ಲ. ಪೂಜ್ಯ ಅಡವಯ್ಯಜ್ಜನವರ ಕಾಲದಲ್ಲಿ, ಒಬ್ಬ ಬಳೆಗಾರ ಹೆಣ್ಣುಮಗಳು ಕೇಳಿದ ಪ್ರಶ್ನೆಯಿಂದ ಹುಟ್ಟಿದ ಪದ್ಧತಿ ಇದು.

ಅಜ್ಜನವರ ಮಠವೆಂದರೆ ಕಮಾನು, ಪಲ್ಲಕ್ಕಿ, ಆನೆ ಎಂದು ತಿಳಿಯಬಾರದು. ಕರಿಮಣ್ಣಿನ ಬಯಲಿನ ನಡುವೆ ಒಂದು ಮಣ್ಣಿನ ಮಾಳಿಗೆ ಮನೆ, ಮುಂದೊಂದು ಬೇವಿನ ಮರ, ಮಗ್ಗುಲಲ್ಲಿ ದನದ ಕೊಟ್ಟಿಗೆ. ಮಾಳಿಗೆ ಸೋರಿದರೆ ಅಜ್ಜನವರು ಕಂಬಳಿಯನ್ನು ಒಣಗಿದ ಕಡೆಗೆ ಎಳೆದುಕೊಂಡು ಮತ್ತೆ ಜಪಕ್ಕೆ ಕೂಡುತ್ತಿದ್ದರು. ಅವರಿಗೆ ಎಳೆಯ ವಯಸ್ಸಿನಿಂದಲೂ ಮೂರ್ಛೆ ರೋಗವಿತ್ತು. ಮಾತನಾಡುತ್ತಿದ್ದಂತೆ ಕಣ್ಣು ಮೇಲಾಗಿ, ಕೈಕಾಲು ಸೆಟೆದು, ಬಿದ್ದುಬಿಡುತ್ತಿದ್ದರು. ತಾಲೂಕಿನ ವೈದ್ಯರು ಕೊಟ್ಟ ಗುಳಿಗೆಯನ್ನು ದಿನವೂ ತೆಗೆದುಕೊಳ್ಳುತ್ತಿದ್ದರು. ಬೀಳುವುದು ಬಹಳ ಕಡಿಮೆಯಾಗಿತ್ತು, ಪೂರ್ತಿ ನಿಂತಿರಲಿಲ್ಲ.

ಇದನ್ನು ಅವರು ಎಲ್ಲರೆದುರು ಬಿಚ್ಚಿ ಹೇಳುತ್ತಿದ್ದರು. ಆದರೆ ನಮ್ಮ ಭಕ್ತರ ಭಕ್ತಿ ಎಂಥದೆಂದರೆ, ಗುರುಗಳ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಶಿರಸಾವಹಿಸುತ್ತದೆ. ಅಜ್ಜನವರು ಮಂಚದ ಮೇಲೆ ಮಲಗುತ್ತಿರಲಿಲ್ಲ, ಬಿದ್ದರೆ ತಲೆ ಒಡೆದೀತೆಂದು. ಭಕ್ತರು ಅದನ್ನು ವೈರಾಗ್ಯ ಎಂದರು. ಬಾವಿಯ ಕಟ್ಟೆ ಹತ್ತುತ್ತಿರಲಿಲ್ಲ. ಅದು ಯಾವುದೋ ನೇಮ ಎಂದರು. ಒಲೆಯ ಹತ್ತಿರ ಒಬ್ಬರೇ ಕೂಡುತ್ತಿರಲಿಲ್ಲ. ಅದಕ್ಕೂ ಒಂದು ಮಹಿಮೆಯ ಕಥೆ ಹುಟ್ಟಿತು. ಇನ್ನು ಅವರು ಬಿದ್ದ ಗಳಿಗೆಯಲ್ಲಂತೂ ಅಜ್ಜನವರಿಗೆ ಸಮಾಧಿ ಹತ್ತಿತೆಂದು ಶಂಖ ಊದುತ್ತಿದ್ದರು, ಆರತಿ ಬೆಳಗುತ್ತಿದ್ದರು, ಕಿವಿಯ ಹತ್ತಿರ ಬಗ್ಗಿ ಈ ವರ್ಷ ಮಳೆ ಹೇಗೆಂದು ಕೇಳುತ್ತಿದ್ದರು. ಅಂಗಾತ ಬಿದ್ದವರ ಬಾಯಿಗೆ ತೀರ್ಥ ಹಾಕಿದವರೂ ಇದ್ದರು. ಆ ತೀರ್ಥ ಉಸಿರಿಗೆ ಸಿಕ್ಕಿ ಒಮ್ಮೆ ಗುರುಗಳ ಪ್ರಾಣವೇ ಹೋಗುವುದರಲ್ಲಿತ್ತು. ಅದನ್ನೂ ನಮ್ಮವರು ಲೀಲೆಯ ಲೆಕ್ಕಕ್ಕೇ ಸೇರಿಸಿದರು.

ಅಜ್ಜನವರು ಸುಮ್ಮನೆ ಕುಳಿತವರಲ್ಲ. ಚಕ್ಕಡಿ ಕಟ್ಟಿಸಿಕೊಂಡು ಸುತ್ತಲ ಊರುಗಳಿಗೆ ಹೋಗುತ್ತಿದ್ದರು. ಪುರಾಣ ಮುಗಿಸಿ ಕೊನೆಗೆ ರೋಗದ ಮಾತು ತೆಗೆಯುತ್ತಿದ್ದರು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಬೇಡಿ, ಮೂಗಿಗೆ ಚಪ್ಪಲಿ ಹಿಡಿಯಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ, ಮಗ್ಗುಲಿಗೆ ತಿರುಗಿಸಿ ಎಚ್ಚರವಾಗುವ ತನಕ ಕಾಯಿರಿ, ವೈದ್ಯರು ಹೇಳದೆ ಗುಳಿಗೆ ಬಿಡಬೇಡಿ ಎನ್ನುತ್ತಿದ್ದರು. ಜನ ಕೈಮುಗಿದು ಕೇಳುತ್ತಿದ್ದರು, ಮನೆಗೆ ಹೋಗಿ ಚಪ್ಪಲಿ ಹಿಡಿಯುತ್ತಿದ್ದರು. ನಂಬುವವರಿಗೆ ಅಜ್ಜನವರದು ರೋಗವೇ ಅಲ್ಲ. ನಂಬದವರಿಗೆ, ತಮ್ಮದನ್ನೇ ವಾಸಿ ಮಾಡಿಕೊಳ್ಳಲಾರದವರು ಊರಿಗೆ ಏನು ಹೇಳಿಯಾರು ಎಂಬ ತಾತ್ಸಾರ. ಹೀಗೆ ಎರಡೂ ಕಡೆಯವರು ಸೇರಿ ಅವರ ಮಾತನ್ನು ಗಾಳಿಗೆ ತೂರಿದ್ದರು. ಅಜ್ಜನವರಿಗೆ ಇದರಿಂದ ನೋವಾಗುತ್ತಿತ್ತು ಎಂದು ಅವರ ಹತ್ತಿರ ಇದ್ದವರು ಹೇಳುತ್ತಾರೆ.

ಆ ದಿನಗಳಲ್ಲಿ ಚಂಪವ್ವ ಎಂಬ ಬಳೆಗಾರ ಹೆಣ್ಣುಮಗಳು ಈ ಊರುಗಳಲ್ಲಿ ಬಳೆ ಮಾರಿಕೊಂಡು ತಿರುಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಬಳೆಯ ಹೊರೆಯಾದ ಮಲಾರವನ್ನು ತಾನೇ ಹೆಗಲಿಗೇರಿಸಿಕೊಂಡವಳು. ನಾಲಗೆ ಚುರುಕು, ಕಣ್ಣು ಅದಕ್ಕಿಂತ ಚುರುಕು. ಬಳೆ ಇಡುವವರು ಎದುರಿನವರ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಹಿಸುಕಿ, ಬೆರಳುಗಳನ್ನು ಮಡಿಸಿ, ಮೆಲ್ಲಗೆ ಏರಿಸಬೇಕು. ಅವರ ಗಂಡಂದಿರು ಕೂಡ ಹಾಗೆ ಹಿಡಿದು ನೋಡಿರದ ಕೈಗಳನ್ನು ಚಂಪವ್ವ ನೋಡಿದ್ದಳು. ಕೆಲವು ಹೆಂಗಸರ ಮುಂಗೈಯಲ್ಲಿ, ಮಣಿಕಟ್ಟಿನ ಹತ್ತಿರ, ಒಂದೇ ಬಗೆಯ ಸುಟ್ಟ ಕಲೆ ಇರುತ್ತಿತ್ತು. ಅಡುಗೆ ಮಾಡುವಾಗ ತಾಗಿದ ಕಲೆ ಚಿಕ್ಕದು. ಇದು ಒಲೆಯ ಮೇಲೆ ಬಿದ್ದು, ಕೈ ಹಿಂದಕ್ಕೆ ತೆಗೆದುಕೊಳ್ಳುವ ಎಚ್ಚರವೇ ಇಲ್ಲದೆ ಬೆಂದ ಕಲೆ. ಚಂಪವ್ವನಿಗೆ ನೋಡಿದೊಡನೆ ತಿಳಿಯುತ್ತಿತ್ತು. ಆಕೆ ಏನೂ ಕೇಳುತ್ತಿರಲಿಲ್ಲ. ಅದನ್ನು ಮುಚ್ಚಲು ಅಗಲವಾದ ಬಳೆ ಆರಿಸಿ ಕೊಡುತ್ತಿದ್ದಳು.

ಏಕೆಂದರೆ ಅಂಥ ಕಲೆ ಆಕೆಯ ಮಗಳು ದ್ರಾಕ್ಷಾಯಣಿಯ ಕೈಯಲ್ಲೂ ಇತ್ತು. ಹುಡುಗಿಗೆ ಮೈನೆರೆದ ವರ್ಷದಿಂದ ಮೂರ್ಛೆ ಬರುತ್ತಿತ್ತು. ಚಂಪವ್ವ ದೂರದ ಊರಿನ ವೈದ್ಯರಿಗೆ ತೋರಿಸಿ, ಗುಳಿಗೆಯನ್ನು ಮಲಾರದ ಅಡಿಯ ಬಟ್ಟೆಯ ಗಂಟಿನಲ್ಲಿ ಬಚ್ಚಿಟ್ಟು ತಂದು, ಯಾರಿಗೂ ಕಾಣದಂತೆ ನುಂಗಿಸುತ್ತಿದ್ದಳು. ಹುಡುಗಿ ಬೀಳುವುದು ನಿಂತು ಬಹಳ ಕಾಲವಾಗಿತ್ತು. ಅಷ್ಟರಲ್ಲಿ ಹುಣಸೀಕೊಪ್ಪದ ಶಿವಗಂಗವ್ವ ಎಂಬ ಮನೆಯಾಕೆ ತನ್ನ ಮಗನಿಗೆ ದ್ರಾಕ್ಷಾಯಣಿಯನ್ನು ಕೇಳಿದಳು. ಒಳ್ಳೆಯ ಮನೆ, ಹೊಲ ಇದ್ದ ಮನೆ. ಬರುವ ಹುಣ್ಣಿಮೆಗೆ ನಿಶ್ಚಯ ಎಂದು ಮಾತಾಯಿತು. ಗುಳಿಗೆಯ ಗಂಟು ಬೀಗರ ಕಣ್ಣಿಗೆ ಬಿದ್ದರೆ ಗತಿ ಏನು? ಹೇಗೂ ಬೀಳುವುದು ನಿಂತಿದೆಯಲ್ಲ, ವಾಸಿಯಾಗಿರಬೇಕು ಎಂದು ಚಂಪವ್ವ ತನಗೆ ತಾನೇ ಹೇಳಿಕೊಂಡು ಗುಳಿಗೆ ಕೊಡುವುದನ್ನು ಬಿಟ್ಟಳು. ಹುಡುಗಿ ಮತ್ತೆ ಬಿದ್ದಳು, ಈ ಸಲ ನೀರಿನ ಹಂಡೆಯ ಪಕ್ಕದಲ್ಲಿ. ಹಂಡೆ ಕುದಿಯುತ್ತಿತ್ತು. ಅದು ಮಗುಚದೆ ಇದ್ದದ್ದು ದೈವ. ಆದರೂ ಚಂಪವ್ವ ಗಂಟು ಬಿಚ್ಚಲಿಲ್ಲ, ಎಸೆಯಲೂ ಇಲ್ಲ. ಮಗಳ ಮದುವೆಯೋ ಮಗಳ ಜೀವವೋ ಎಂಬಲ್ಲಿಗೆ ಬಂದು ನಿಂತ ತಾಯಿಯ ಸಂಕಟವನ್ನು ನಾವು ಹೊರಗಿನಿಂದ ಕುಳಿತು ಅಳೆಯಬಾರದು.

ಹುಣಸೀಕೊಪ್ಪದ ಅಜ್ಜನವರಿಗೆ ಸಮಾಧಿ ಹತ್ತುತ್ತದೆ, ಕಣ್ಣು ಮೇಲಾಗುತ್ತದೆ, ಹಲ್ಲು ಕಚ್ಚುತ್ತದೆ ಎಂಬ ವರ್ಣನೆಯನ್ನು ಆಕೆ ಊರೂರಲ್ಲಿ ಕೇಳಿದ್ದಳು. ಕೇಳಿದಾಗಲೆಲ್ಲ ಆಕೆಗೆ ಒಳಗೊಳಗೇ ಒಂದು ಕುತೂಹಲ ಕೆರೆಯುತ್ತಿತ್ತು. ಇದು ದೇವರೋ, ನನ್ನ ಮನೆಯಲ್ಲಿರುವ ಅದೇ ಬೇನೆಯೋ? ಒಮ್ಮೆ ಕಣ್ಣಾರೆ ನೋಡಿಬಿಡಬೇಕೆಂದು ಒಂದು ಅಮಾವಾಸ್ಯೆಯ ದಿನ ಮಲಾರ ಹೊತ್ತು ಮಠಕ್ಕೆ ಬಂದಳು. ಮನೆಯಲ್ಲಿ ಒಬ್ಬಳನ್ನೇ ಬಿಡಲು ಹೆದರಿ ಮಗಳನ್ನೂ ಕರೆತಂದಿದ್ದಳು.

ಅಮಾವಾಸ್ಯೆಗೇ ಬಂದದ್ದಕ್ಕೂ ಕಾರಣವಿತ್ತು. ಅಜ್ಜನವರಿಗೆ ಸಮಾಧಿ ಹತ್ತುವುದು ಹೆಚ್ಚಾಗಿ ಅಮಾವಾಸ್ಯೆಯಂದೇ ಎಂದು ಊರೆಲ್ಲ ಹೇಳುತ್ತಿತ್ತು. ತಿಥಿಯ ಮಹಿಮೆ ಎಂದು ಜನ ತಿಳಿದಿದ್ದರು. ಮಹಿಮೆ ತಿಥಿಯದಲ್ಲ, ಭಜನೆಯದು. ಅಮಾವಾಸ್ಯೆ ಬಂತೆಂದರೆ ಭಕ್ತರು ಹಿಂದಿನ ರಾತ್ರಿಯಿಡೀ ಅಜ್ಜನವರನ್ನು ನಡುವೆ ಕೂಡಿಸಿಕೊಂಡು ಭಜನೆ ಮಾಡುತ್ತಿದ್ದರು. ಮರುದಿನ ಬಂದವರೆಲ್ಲರ ಪಾದಪೂಜೆ ಮುಗಿಯುವ ತನಕ ಅವರ ಬಾಯಿಗೆ ಒಂದು ತುತ್ತು ಹೋಗುತ್ತಿರಲಿಲ್ಲ. ಗುಳಿಗೆಯ ಡಬ್ಬಿ ಒಳಕೋಣೆಯ ಗೂಡಿನಲ್ಲಿತ್ತು, ಊಟವಾದ ಮೇಲೆ ಅಲ್ಲಿಯೇ ಹೋಗಿ ನುಂಗುವುದು ರೂಢಿ. ಊಟ ತಡವಾದರೆ ಗುಳಿಗೆಯೂ ತಡ. ನಿದ್ದೆಯಿಲ್ಲ, ಅನ್ನವಿಲ್ಲ, ಗುಳಿಗೆಯಿಲ್ಲ. ಇಷ್ಟೆಲ್ಲ ಪ್ರೀತಿ ಮಾಡಿದರೆ ಗುರುಗಳು ಬೀಳದೆ ಏನು ಮಾಡಿಯಾರು?

ಆ ದಿನವೂ ಹಾಗೆಯೇ ಆಯಿತು. ಪಾದಪೂಜೆ ಇನ್ನೂ ನಡೆದಿತ್ತು, ಅಜ್ಜನವರು ಯಾರಿಗೋ ವಿಭೂತಿ ಕೊಡಲು ಕೈ ಚಾಚಿದ್ದರು. ಚಾಚಿದ ಕೈ ಹಾಗೆಯೇ ನಿಂತಿತು. ಕಣ್ಣು ಮೇಲಾಯಿತು. ಗದ್ದುಗೆಯಿಂದ ಪಕ್ಕಕ್ಕೆ ವಾಲಿ ಅಂಗಾತ ಬಿದ್ದರು. ಶಂಖ ಮೊಳಗಿತು. ಮಠದ ಹಿರಿಯರಾದ ಕಲ್ಲನಗೌಡರು ಆರತಿಯ ತಟ್ಟೆ ಎತ್ತಿಕೊಂಡರು. ಜನ ನಾಮುಂದು ತಾಮುಂದು ಎಂದು ನೂಕಿಕೊಂಡು ಬಂದಿತು, ಒಬ್ಬರು ತೀರ್ಥದ ಗಿಂಡಿಯನ್ನು ಅಜ್ಜನವರ ಬಾಯಿಗೆ ಹಿಡಿಯಲು ಬಗ್ಗಿದರು.

ನೋಡಲು ಬಂದಿದ್ದ ಚಂಪವ್ವ ನೋಡುತ್ತ ನಿಲ್ಲಲಿಲ್ಲ. ಮಲಾರವನ್ನು ನೆಲಕ್ಕೆ ಹಾಕಿ, ಜನರನ್ನು ಸೀಳಿಕೊಂಡು ಹೋಗಿ, ಗಿಂಡಿಯನ್ನು ಕಿತ್ತು ಬದಿಗಿಟ್ಟಳು. ಅಜ್ಜನವರನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿಗೆ ತನ್ನ ಸೆರಗನ್ನು ಮಡಿಸಿ ಇಟ್ಟಳು. ಕೊರಳಿನ ರುದ್ರಾಕ್ಷಿ ಸರವನ್ನು ಸಡಿಲಿಸಿದಳು.

"ಮೊದಲ ಆ ದೀಪಾ ದೂರ ಒಯ್ಯಿರಿ ಗೌಡ್ರ. ಕಾವಿಗೆ ಹತ್ತೀತು."

ಕಲ್ಲನಗೌಡರಿಗೆ ಸಿಟ್ಟು ನೆತ್ತಿಗೇರಿತು. ಸಮಾಧಿಯಲ್ಲಿದ್ದ ಗುರುಗಳನ್ನು ಬೀದಿಯಲ್ಲಿ ತಿರುಗುವ ಹೆಂಗಸು ಮುಟ್ಟುವುದೇ ಎಂದು ಕೂಗಿದರು. ಚಂಪವ್ವನನ್ನು ಎಬ್ಬಿಸಲು ಇಬ್ಬರು ಮುಂದೆ ಬಂದರು. ಆಕೆ ಅಲುಗಲಿಲ್ಲ. ಅಜ್ಜನವರ ಸೆಟೆದ ಕೈಯನ್ನು ಅಮುಕದೆ, ಗದ್ದುಗೆಯ ಕಲ್ಲಿಗೆ ಬಡಿಯದಂತೆ ಸುಮ್ಮನೆ ಹಿಡಿದಿದ್ದಳು. ಹಿಡಿದ ಕೈಯನ್ನು ನೋಡುವುದು ಆಕೆಯ ವೃತ್ತಿಯ ಚಾಳಿ. ಮುಂಗೈಯ ವಿಭೂತಿ ಬೆವರಿಗೆ ಕರಗಿ ಇಳಿದಿತ್ತು. ಅದರ ಕೆಳಗೆ ಹಳೆಯ ಸುಟ್ಟ ಕಲೆ. ಅಗಲವಾದದ್ದು, ಎಚ್ಚರ ತಪ್ಪಿ ಬೆಂದದ್ದು. ಚಂಪವ್ವನ ಕಣ್ಣು ತುಂಬಿ ಬಂತು.

ಸೆಟೆತ ಇಳಿಯಿತು. ಉಸಿರು ಹದಕ್ಕೆ ಬಂತು. ಎಷ್ಟೋ ಹೊತ್ತಿನ ಮೇಲೆ ಅಜ್ಜನವರು ಕಣ್ಣು ತೆರೆದರು. ಎಂದಿನಂತೆ ಹೊಗೆ, ಗದ್ದಲ, ಬಾಯಲ್ಲಿ ನೀರು ಇರಲಿಲ್ಲ. ತಲೆಯಡಿಗೆ ಮೆತ್ತನೆಯ ಸೆರಗಿತ್ತು, ಎದುರಿಗೆ ಗುರುತಿಲ್ಲದ ಹೆಂಗಸೊಬ್ಬಳು ಕುಳಿತಿದ್ದಳು. ಅವರು ಮೆಲ್ಲಗೆ ಎದ್ದು ಕುಳಿತು, ಸೆರಗನ್ನು ಆಕೆಯತ್ತ ಸರಿಸಿ, ಇದನ್ನೆಲ್ಲ ಎಲ್ಲಿ ಕಲಿತೆ ತಾಯಿ ಎಂದು ಕೇಳಿದರು.

ಮಠವೆಲ್ಲ ಕಿವಿಯಾಗಿತ್ತು. ಹೆಂಗಸರ ಸಾಲಿನಲ್ಲಿ ಶಿವಗಂಗವ್ವ ಕುಳಿತಿದ್ದಳು. ಬೇವಿನ ಮರದ ಕೆಳಗಿನಿಂದ ದ್ರಾಕ್ಷಾಯಣಿ ಓಡಿ ಬಂದು ತಾಯಿಯ ಬೆನ್ನ ಹಿಂದೆ ನಿಂತಿದ್ದಳು. ಯಾವುದೋ ಊರಲ್ಲಿ ಯಾರನ್ನೋ ನೋಡಿ ಕಲಿತೆ ಎನ್ನಲು ಚಂಪವ್ವನಿಗೆ ಸಾಧ್ಯವಿತ್ತು. ಆಕೆ ಉತ್ತರ ಕೊಡುವ ಬದಲು ತಾನೇ ಒಂದು ಪ್ರಶ್ನೆ ಕೇಳಿದಳು.

"ನೀವು ಬಿದ್ದರ ಆರತಿ, ನಮ್ಮಂಥವರ ಮನೀ ಹೆಣ್ಣಮಕ್ಕಳು ಬಿದ್ದರ ಮೂಗಿಗೆ ಚಪ್ಪಲಿ. ಎರಡೂ ಒಂದ ಬ್ಯಾನಿ ಹೌದಲ್ಲೋ ಅಜ್ಜಾರ?"

"ಹೌದವ್ವಾ. ಒಂದ ಬ್ಯಾನಿ."

"ಹಂಗಾರ ನಿಮಗ ಯಾಕ ಗುಣಾ ಆಗವಲ್ದು? ನಿಮಗ ಆಗದ್ದನ್ನ ನಮಗ ಯಾವ ಬಾಯಿಲೆ ಹೇಳತೀರಿ?"

ಗುರುಗಳನ್ನು ಹೀಗೆ ಕೇಳಬಹುದೇ ಎಂದು ಜನ ಬೆಚ್ಚಿದರು. ಅಜ್ಜನವರು ಮಾತ್ರ ಬಹಳ ದಿನದಿಂದ ಈ ಪ್ರಶ್ನೆಗಾಗಿಯೇ ಕಾದಿದ್ದವರ ಹಾಗೆ ಆಕೆಯ ಮುಖವನ್ನೇ ನೋಡಿದರು.

"ಗುಣಾ ಆದಾಂವ ಮರತಬಿಡತಾನವ್ವಾ. ಆಗದಾಂವಗ ದಿನಾ ನೆನಪಿರತೈತಿ. ಗುಳಗಿ ನುಂಗಿನೂ ನಾ ಬೀಳತೇನಿ. ಬಿಟ್ಟಿದ್ದರ ಇಷ್ಟೊತ್ತಿಗೆ ಸತ್ತಿರತಿದ್ದೆ. ನನಗ ಗೊತ್ತಿರೋದು ಇಷ್ಟ."

ಅಷ್ಟು ವರ್ಷ ಊರೂರು ತಿರುಗಿ ಹೇಳಿದ ಮಾತು ಯಾಕೆ ಯಾರಿಗೂ ನಾಟಲಿಲ್ಲ ಎಂಬುದು ಅವರಿಗೆ ಆ ಗಳಿಗೆಯಲ್ಲಿ ಹೊಳೆದಿರಬೇಕು. ಮಾತನ್ನು ಗದ್ದುಗೆಯ ಮೇಲೆ ಕುಳಿತು ಆಡಿದ್ದರು, ಗುಳಿಗೆಯನ್ನು ಒಳಕೋಣೆಯಲ್ಲಿ ನುಂಗಿದ್ದರು. ಅವರು ಬೀಳುವುದನ್ನು ನಾಡೆಲ್ಲ ಕಂಡಿತ್ತು. ನುಂಗುವುದನ್ನು ಯಾರೂ ಕಂಡಿರಲಿಲ್ಲ.

ಪಾದಪೂಜೆ ಸಾಕು, ಪಂಕ್ತಿ ಹಾಕಿರಿ ಎಂದು ಅಪ್ಪಣೆಯಾಯಿತು. ಎಲೆ ಬಿದ್ದವು, ಬಡಿಸಿದ್ದೂ ಆಯಿತು. ಅಜ್ಜನವರು ಮೊದಲ ತುತ್ತು ಎತ್ತುವ ತನಕ ಯಾರೂ ಉಣ್ಣುವಂತಿಲ್ಲ, ಅದು ಮಠದ ಹಳೆಯ ಕಟ್ಟಳೆ. ಅಜ್ಜನವರು ತುತ್ತು ಎತ್ತಲಿಲ್ಲ. ಒಳಗಿನಿಂದ ಗುಳಿಗೆಯ ಡಬ್ಬಿ ತರಿಸಿದರು. ಒಂದು ಗುಳಿಗೆಯನ್ನು ತೆಗೆದು ಎಡ ಅಂಗೈಯ ಮೇಲೆ ಇಟ್ಟುಕೊಂಡರು. ದಿನವೂ ಇಷ್ಟಲಿಂಗವನ್ನಿಟ್ಟು ಪೂಜಿಸುವ ಅಂಗೈ ಅದು. ಅಜ್ಜನವರು ಆ ಅಂಗೈಯನ್ನು ಎಲ್ಲರಿಗೂ ಕಾಣುವಂತೆ ಚಾಚಿ ಹೇಳಿದರು:

"ಒಬ್ಬಾಂವನ ನುಂಗಿ ನುಂಗಿ ನನಗೂ ಬ್ಯಾಸರ ಬಂದೈತಿ. ಜೋಡಿ ಯಾರರ ಇದ್ದರ ಕೈ ಚಾಚರಿ. ಕೂಡೇ ನುಂಗೂಣು."

ಯಾರೂ ಅಲುಗಲಿಲ್ಲ. ಹುಗ್ಗಿ ಆರುತ್ತಿತ್ತು. ಹಸಿದವರು ಎಲೆ ನೋಡಿದರು, ಅಜ್ಜನವರನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಹಿಂದಿನ ರಾತ್ರಿಯ ನಿದ್ದೆಗೆಟ್ಟು, ಆಗಷ್ಟೇ ಬಿದ್ದೆದ್ದಿದ್ದ ಮುದುಕರು ಅಜ್ಜನವರು. ಆದರೂ ಅವರು ಕೈ ಇಳಿಸಲಿಲ್ಲ, ಗುಳಿಗೆ ನುಂಗಲಿಲ್ಲ.

ಚಂಪವ್ವ ಆ ಕೈಯನ್ನೇ ನೋಡುತ್ತಿದ್ದಳು. ತಾನು ಇಷ್ಟು ದಿನ ಮಗಳನ್ನು ಬೀಗರ ಕಣ್ಣಿನಿಂದ ಕಾಯುತ್ತಿದ್ದೆ, ಕುದಿಯುವ ಹಂಡೆಯಿಂದ ಕಾಯಲಿಲ್ಲ ಎಂಬುದು ಆಕೆಗೆ ಎದೆಗೆ ಬಡಿದ ಹಾಗೆ ಗೊತ್ತಾಯಿತು. ಎದ್ದಳು. ಅಂಗಳದಲ್ಲಿ ಬಿದ್ದಿದ್ದ ಮಲಾರದ ಹತ್ತಿರ ಹೋದಳು. ಮಗಳಿಗೆಂದು ಶಿವಗಂಗವ್ವ ತೆಗೆದಿಡಿಸಿದ್ದ ಹಸಿರು ಬಳೆಗಳನ್ನು ಸರಿಸಿ, ಅಡಿಯ ಬಟ್ಟೆಯ ಗಂಟನ್ನು ಬಿಚ್ಚಿದಳು. ಮರಳಿ ಬಂದು, ತಲೆ ತಗ್ಗಿಸಿ ಕುಳಿತಿದ್ದ ದ್ರಾಕ್ಷಾಯಣಿಯ ಎಡಗೈಯನ್ನು ಬಳೆ ಇಡುವಾಗ ಹಿಡಿಯುವ ಹಾಗೆಯೇ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯ ಮೇಲೆ ಗುಳಿಗೆ ಇಟ್ಟಳು.

"ಈಕಿ ನನ್ನ ಮಗಳ್ರೀ ಅಜ್ಜಾರ. ಈಕಿ ಬೀಳತಾಳ. ನಾನ ಗುಳಗಿ ಬಿಡಿಸಿದ್ದೆ."

ಅಜ್ಜನವರು ಹುಡುಗಿಯನ್ನು ನೋಡಿ ಮುಗುಳ್ನಕ್ಕರು. ಇಬ್ಬರೂ ಕೂಡಿ ನುಂಗಿದರು.

ಆಮೇಲೆ ನಡೆದದ್ದನ್ನು ಹೇಳುವಾಗ ಮಠದ ಹಳಬರು ಇಂದಿಗೂ ನಗುತ್ತಾರೆ. ಮೂಲೆಯಲ್ಲಿದ್ದ ಒಬ್ಬ ಮುದುಕ ಕೆಮ್ಮುತ್ತ ಸೊಂಟದ ಸಂಚಿಯಿಂದ ಕ್ಷಯದ ಗುಳಿಗೆ ತೆಗೆದ. ಒಬ್ಬ ಸೊಸೆ ಅತ್ತೆಯ ಮುಖ ನೋಡಿ, ಸೆರಗಿನ ಗಂಟು ಬಿಚ್ಚಿದಳು. ಎಲ್ಲರಿಗಿಂತ ಕೊನೆಗೆ, ಅತ್ತಿತ್ತ ನೋಡಿ, ಆರತಿ ಹಿಡಿದಿದ್ದ ಕಲ್ಲನಗೌಡರೇ ಅಂಗಿಯ ಒಳಜೇಬಿಗೆ ಕೈ ಹಾಕಿದರು. ಗೌಡರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಆ ತನಕ ಅವರ ಮನೆಯವರಿಗೂ ಗೊತ್ತಿರಲಿಲ್ಲ. ಹುಗ್ಗಿಯನ್ನು ಮಾತ್ರ ಅವರು ಎರಡು ಸಲ ಹಾಕಿಸಿಕೊಳ್ಳುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು.

ನಗಲಾರದ ಒಂದು ಸಂಗತಿಯೂ ಆಯಿತು. ಶಿವಗಂಗವ್ವ ಎಲೆ ಬಿಟ್ಟು ಎದ್ದಳು. ಮಠದ ಪಂಕ್ತಿಯಿಂದ ಉಣ್ಣದೆ ಏಳುವುದು ಸಣ್ಣ ಮಾತಲ್ಲ, ಜನ ಆಕೆಯ ಮೇಲೆ ಏರಿ ಹೋದರು. ಅಜ್ಜನವರು ತಡೆದರು. ಆಕೆಗೂ ಹೆದರಿಕೆ ಇದೆ, ಬೈಯಬೇಡಿ, ದಾರಿ ಬಿಡಿ ಎಂದರು. ನಿಶ್ಚಯ ಅಲ್ಲಿಗೆ ಮುರಿಯಿತು. ತಾಯಿ ಮಗಳು ಅಂದು ಬೇವಿನ ಮರದ ಕೆಳಗೆ ಕುಳಿತು ಅತ್ತರು. ಮಾರನೆಯ ದಿನ ಅಜ್ಜನವರು ಮಠದ ಚಕ್ಕಡಿಯಲ್ಲಿ ಇಬ್ಬರನ್ನೂ ತಾವೇ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ದ್ರಾಕ್ಷಾಯಣಿಗೆ ಮುಂದೆ ಬೇರೆ ಕಡೆ ಮದುವೆಯಾಯಿತು, ಗುಳಿಗೆಯ ಸಂಗತಿಯನ್ನು ಮೊದಲೇ ಹೇಳಿ ಕೊಟ್ಟರು.

ಅಜ್ಜನವರು ವಾಸಿಯಾದರೆಂದು ಹೇಳಿ ಈ ಪ್ರಸಂಗವನ್ನು ಮುಗಿಸಿದರೆ ಕೇಳುವವರಿಗೆ ಹಿತವಾದೀತು. ಅವರು ವಾಸಿಯಾಗಲಿಲ್ಲ. ಲಿಂಗೈಕ್ಯರಾಗುವ ತನಕವೂ ಆಗೊಮ್ಮೆ ಈಗೊಮ್ಮೆ ಬೀಳುತ್ತಿದ್ದರು. ಆದರೆ ಅಮಾವಾಸ್ಯೆಯ ಭಜನೆ ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೇ ಮುಗಿಯತೊಡಗಿತು, ಗುರುಗಳು ನಿದ್ದೆ ಮಾಡತೊಡಗಿದರು. ಬಿದ್ದರೆ ಶಂಖ ಊದುವುದು ನಿಂತಿತು. ಹತ್ತಿರ ಇದ್ದವರು ಮಗ್ಗುಲಿಗೆ ಹೊರಳಿಸಿ, ಸುಮ್ಮನೆ ಕುಳಿತು ಕಾಯುತ್ತಿದ್ದರು. ಭಕ್ತಿ ಎಂದರೆ ಅದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಚಂಪವ್ವ ಮತ್ತೆ ಮಲಾರ ಹೊತ್ತು ಊರೂರು ತಿರುಗಿದಳು. ಅದಾದ ಕೆಲವು ದಿನಗಳ ಮೇಲೆ ಒಂದು ಹಳ್ಳಿಯಲ್ಲಿ ಹೆಂಗಸರು ಜಗಲಿಯ ತುಂಬ ಬಳೆಗೆ ಕುಳಿತಿದ್ದರು. ಹೊಸದಾಗಿ ಗಂಡನ ಮನೆಗೆ ಬಂದ ಒಬ್ಬ ಹುಡುಗಿ, ಸೆರಗನ್ನು ಮಣಿಕಟ್ಟಿನ ತನಕ ಎಳೆದುಕೊಂಡೇ, ಅಂಗೈಯಷ್ಟನ್ನು ಮುಂದೆ ಚಾಚಿದಳು. ಚಂಪವ್ವನ ಹೆಬ್ಬೆರಳಿಗೆ ಕಲೆ ಸಿಕ್ಕಿತು. ಹುಡುಗಿ ಕೈ ಎಳೆದುಕೊಳ್ಳಲು ನೋಡಿದಳು. ಅಗಲವಾದ ಬಳೆ ಕೊಡಿ, ಮುಚ್ಚುವಂಥದ್ದು, ಎಂದು ಮೆಲ್ಲಗೆ ಅಂದಳು.

ಚಂಪವ್ವ ಆ ಕೈಯನ್ನು ಬಿಡಲಿಲ್ಲ. ಜಗಲಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಇಂಥಾದ್ದ ನನ್ನ ಮಗಳ ಕೈಯಾಗೂ ಐತಿ ತಂಗಿ. ನಮ್ಮ ಅಜ್ಜಾರ ಕೈಯಾಗೂ ಐತಿ."